ಮರಿಲ್ಲಾಳನ್ನು ಆ್ಯನ್ ಏನೆಂದು ಕರೆಯಬೇಕು?

ಸಂಜೆಯ ಓದು (ಪ್ರಶ್ನೆ)

ಲೂಸಿ ಮಾಡ್ ಮಾಂಟ್ಗೊಮರಿಯವರ ‘ಆ್ಯನ್ ಆಫ್ ಗ್ರೀನ್ ಗೇಬಲ್ಸ್’ (1908) ಕಾದಂಬರಿಯನ್ನು ರಾತ್ರಿಗೊಂದು ಅಧ್ಯಾಯದಂತೆ ನನ್ನ ಮಗಳಿಗೆ ಕನ್ನಡದಲ್ಲಿ ಹೇಳುತ್ತಿದ್ದೇನೆ. ಇಂಗ್ಲಿಷ್ ಪುಸ್ತಕ ತೊಡೆಯ ಮೇಲಿರುತ್ತದೆ, ಬಾಯಲ್ಲಿ ಕನ್ನಡ ಬರುತ್ತದೆ. ಏಳು ಅಧ್ಯಾಯಗಳು ಸಲೀಸಾಗಿ ಸಾಗಿದವು, ಎಂಟನೆಯದರಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಓದಿಲ್ಲದವರಿಗಾಗಿ ಸಂದರ್ಭವನ್ನು ಹೇಳಿಬಿಡುತ್ತೇನೆ. ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ ಮದುವೆಯಾಗದೆ ಉಳಿದ ಮ್ಯಾಥ್ಯೂ ಮತ್ತು ಮರಿಲ್ಲಾ ಎಂಬ ಒಡಹುಟ್ಟಿದವರು ಹೊಲದ ಕೆಲಸಕ್ಕೆ ನೆರವಾಗಲೆಂದು ಅನಾಥಾಲಯದಿಂದ ಒಬ್ಬ ಹುಡುಗನನ್ನು ತರಿಸಿಕೊಳ್ಳಲು ಹೊರಡುತ್ತಾರೆ. ಹೇಳಿ ಕಳುಹಿಸಿದ್ದರಲ್ಲಿ ಎಡವಟ್ಟಾಗಿ ಹನ್ನೊಂದು ವರ್ಷದ, ಕೆಂಗೂದಲಿನ, ಮಾತು ನಿಲ್ಲಿಸದ ಹುಡುಗಿಯೊಬ್ಬಳು ಬಂದಿಳಿಯುತ್ತಾಳೆ. ಅವಳನ್ನು ಇಟ್ಟುಕೊಳ್ಳುವುದೆಂದು ತೀರ್ಮಾನವಾದ ಮೇಲೆ ಆ್ಯನ್, ತನಗೆ ಹಿಂದೆ ಮುಂದೆ ನೆಂಟರೇ ಇಲ್ಲವೆಂದೂ, ಹಾಗೆ ಕರೆದರೆ ನಿಜವಾಗಿ ಈ ಮನೆಗೆ ಸೇರಿದವಳೆನಿಸುತ್ತದೆಂದೂ ಹೇಳಿ, ‘ಆಂಟ್ ಮರಿಲ್ಲಾ’ ಎನ್ನಬಹುದೇ ಎಂದು ಕೇಳುತ್ತಾಳೆ. ತಾನು ಅವಳಿಗೆ ಆಂಟ್ ಅಲ್ಲ, ಇಲ್ಲದ ಸಂಬಂಧದ ಹೆಸರು ಹಿಡಿದು ಕರೆಯುವುದು ತನಗೆ ಒಗ್ಗುವುದಿಲ್ಲ ಎಂದು ಮರಿಲ್ಲಾ ನಿರಾಕರಿಸುತ್ತಾಳೆ.

ನಾನು ‘ಆಂಟಿ’ ಎಂದೆ. ಲಿಫ್ಟಿನಲ್ಲಿ ಎದುರಾಗುವ ಪ್ರತಿಯೊಬ್ಬ ಹೆಂಗಸನ್ನೂ ಹಾಗೆಯೇ ಕರೆದು ಅಭ್ಯಾಸವಾಗಿರುವ ಮಗಳು, “ಆಂಟಿ ಅಂದ್ರೆ ಏನಾಯ್ತಂತೆ ಅವಳಿಗೆ?” ಎಂದು ಕೇಳಿದಳು. ಯಾವ ಪದ ಹಾಕಿದರೆ ಆ ನಿರಾಕರಣೆ ನಿರಾಕರಣೆಯಾಗಿ ಕೇಳಿಸುತ್ತದೆ? ಅದಕ್ಕಿಂತ ಮುಖ್ಯವಾಗಿ, ಕಂಡವರನ್ನೆಲ್ಲ ಅಕ್ಕ, ಅಜ್ಜಿ ಎನ್ನುವ ನಮ್ಮ ಕಿವಿಗೆ ಮರಿಲ್ಲಾ ಇಲ್ಲಿ ಕಟುಕಿಯಾಗಿ ಕಾಣುವುದಿಲ್ಲವೇ?

ಕಣಜ

‘ಅತ್ತೆ’ ಎನ್ನಿ. ಮ್ಯಾಥ್ಯೂ ತಂದೆಯ ಸ್ಥಾನದಲ್ಲಿ ನಿಂತರೆ ಅವನ ಒಡಹುಟ್ಟಿದವಳು ಸೋದರತ್ತೆಯೇ ಆಗುತ್ತಾಳೆ. ‘ದೊಡ್ಡಮ್ಮ’ ಎಂಬ ಪದದಲ್ಲಿ ‘ಅಮ್ಮ’ ಇರುವುದರಿಂದ ಅದು ಹೆಚ್ಚು ಆರ್ದ್ರವಾಗಿ ಕೇಳಿಸುತ್ತದೆ ನಿಜ, ಆದರೆ ಅದನ್ನು ಬಳಸಿದ ಕೂಡಲೇ ಕೇಳುವ ಮಗು ಮ್ಯಾಥ್ಯೂವನ್ನು ದೊಡ್ಡಪ್ಪನೆಂದುಕೊಂಡು ಇಬ್ಬರನ್ನೂ ಗಂಡ ಹೆಂಡತಿಯಾಗಿಸಿಬಿಡುತ್ತದೆ. ಇಂಗ್ಲಿಷಿನ ‘ಆಂಟ್’ ತಾಯಿಯ ಕಡೆಯೋ ತಂದೆಯ ಕಡೆಯೋ ಎಂಬುದನ್ನು ಹೇಳದೆ ಜಾರಿಕೊಳ್ಳಬಲ್ಲದು; ಕನ್ನಡದಲ್ಲಿ ಆ ಅನುಕೂಲವಿಲ್ಲ. ‘ಅತ್ತೆ’ ಎಂದರೆ ಗಂಡನ ತಾಯಿಯೂ ಹೌದು ಎಂಬ ತಕರಾರನ್ನು ಹತ್ತು ಹನ್ನೊಂದರ ವಯಸ್ಸಿನ ಮಕ್ಕಳು ತೆಗೆಯಲಾರರು.

ಹಿತ್ತಲ ಬಾಗಿಲು

ಪದದ ವಿಚಾರದಲ್ಲಿ ಕಣಜ ಅವರನ್ನು ಒಪ್ಪುತ್ತೇನೆ. ಮರಿಲ್ಲಾ ಕಟುಕಿಯೆಂಬ ಮಾತನ್ನು ಮಾತ್ರ ಒಪ್ಪಲಾರೆ. ಅದೇ ಪುಟದಲ್ಲಿ ಅವಳು ಮನೆತನದ ಹೆಸರು ಹಿಡಿದು ‘ಮಿಸ್ ಕತ್‌ಬರ್ಟ್’ ಎನ್ನುವುದನ್ನೂ ಬೇಡವೆನ್ನುತ್ತಾಳೆ, ಬರೀ ಮರಿಲ್ಲಾ ಎಂದರೆ ಸಾಕು ಎನ್ನುತ್ತಾಳೆ. ಬರೀ ಹೆಸರಿನಿಂದ ಕರೆದರೆ ಅಗೌರವವಾದೀತೆಂದು ಅಳುಕುವವಳು ಆ್ಯನ್. ನಮ್ಮ ಮಕ್ಕಳಿಗೆ ಹುಟ್ಟುವ ಅಳುಕೇ ಅವಳಿಗೂ ಹುಟ್ಟಿದೆ! ತಮ್ಮ ಊರಾದ ಏವನ್‌ಲೀಯಲ್ಲಿ ಪಾದ್ರಿಯೊಬ್ಬರನ್ನು ಬಿಟ್ಟು ದೊಡ್ಡವರು ಚಿಕ್ಕವರೆಲ್ಲ ತನ್ನನ್ನು ಹಾಗೆಯೇ ಕರೆಯುತ್ತಾರೆ, ಗೌರವವಿಟ್ಟು ಮಾತನಾಡಿದರಾಯಿತು ಎಂಬುದು ಮರಿಲ್ಲಾಳ ಉತ್ತರ. ಊರಿನವರೆಲ್ಲ ಕರೆಯುವ ಹೆಸರನ್ನೇ ಈ ಹುಡುಗಿಯ ಕೈಗೂ ಕೊಟ್ಟಳೆಂದರೆ ಅವಳನ್ನು ಊರಿನವಳನ್ನಾಗಿ ಮಾಡಿಕೊಂಡಳೆಂದೇ ನನಗೆ ತೋರುತ್ತದೆ.

ಇನ್ನೊಂದು ಸಂಗತಿಯೂ ಇದೆ. ಅನಾಥ ಮಗುವನ್ನು ಆ ಕಾಲದಲ್ಲಿ ತರಿಸಿಕೊಳ್ಳುತ್ತಿದ್ದುದು ಬಹುಪಾಲು ದುಡಿಮೆಗೇ. 1869ರಿಂದ 1930ರ ದಶಕದವರೆಗೆ ಬ್ರಿಟನ್ನಿನಿಂದಲೇ ಸುಮಾರು ಒಂದು ಲಕ್ಷ ಮಕ್ಕಳನ್ನು ಕೆನಡಾಕ್ಕೆ ಸಾಗಿಸಿ ಹೆಚ್ಚಿನವರನ್ನು ಹೊಲಕ್ಕೆ, ಮನೆಗೆಲಸಕ್ಕೆ ಹಚ್ಚಿದರು. ಆ್ಯನ್ ಕೂಡ ಹಿಂದೆ ಒಂದು ಮನೆಯಲ್ಲಿ ಮೂರು ಜೋಡಿ ಅವಳಿಗಳನ್ನು ಎತ್ತಿ ಆಡಿಸಿದವಳು. ಕೂಸು ನೋಡಿಕೊಳ್ಳಲು ಆಳು ಬೇಕಾಗಿದ್ದ ಬ್ಲೂಯೆಟ್ ಎಂಬಾಕೆ ಅವಳನ್ನು ಕರೆದೊಯ್ಯಲು ಸಿದ್ಧಳಾದಾಗಲೇ ಮರಿಲ್ಲಾಳ ಮನಸ್ಸು ತಿರುಗಿದ್ದು. ನಮ್ಮಲ್ಲಿ ಮನೆಗೆಲಸಕ್ಕಿದ್ದ ಹುಡುಗಿಯೂ ಯಜಮಾನಿಯನ್ನು ‘ಅಮ್ಮಾ’ ಎಂದೇ ಕರೆಯುತ್ತಿದ್ದಳು. ಹಾಗೆ ಕರೆದಳೆಂದು ಅವಳಿಗೆ ಪಂಕ್ತಿಯಲ್ಲಿ ಎಲೆ ಹಾಕುತ್ತಿರಲಿಲ್ಲ. ಆದ್ದರಿಂದ ಸಂಬಂಧವಾಚಕವನ್ನು ಅಷ್ಟು ಸುಲಭವಾಗಿ ಕೊಡದ ಮರಿಲ್ಲಾಳ ಮೇಲೆ ನನಗೆ ವಿಶ್ವಾಸವೇ ಹೆಚ್ಚು.

ಮಸಿಕುಡಿಕೆ

ನಿಮ್ಮ ಬಳಿ ಮಾಂಟ್ಗೊಮರಿಯವರಿಗಿಲ್ಲದ ಒಂದು ಸಾಧನವಿದೆ: ನೀನು, ನೀವು. ಆ್ಯನ್ ಮರಿಲ್ಲಾಳೊಂದಿಗೆ ‘ನೀವು’ ಎಂದೇ ಆರಂಭಿಸಲಿ. ಮರಿಲ್ಲಾಳ ಬ್ರೋಚ್ ಕಳೆದು ಆ್ಯನಳ ಮೇಲೆ ಸುಳ್ಳು ಆಪಾದನೆ ಬರುವಾಗಲೂ ‘ನೀವು’ ಇರಲಿ. ತಮ್ಮ ಹಣವಿದ್ದ ಬ್ಯಾಂಕು ಮುಳುಗಿದ ಸುದ್ದಿಯ ಪತ್ರಿಕೆಯನ್ನು ಕೈಯಲ್ಲಿ ಹಿಡಿದೇ ಮ್ಯಾಥ್ಯೂ ಹೊಸ್ತಿಲಲ್ಲಿ ಕುಸಿಯುತ್ತಾನಲ್ಲ, ಅವನು ಸತ್ತ ಮೇಲಿನ ಆ ರಾತ್ರಿ ಆ್ಯನಳ ಅಳು ಕೇಳಿ ಮರಿಲ್ಲಾ ಅವಳ ಕೋಣೆಗೆ ಬಂದು, ನೀನು ನನ್ನ ರಕ್ತಮಾಂಸವೇ ಎಂಬಷ್ಟು ಪ್ರೀತಿ ನನಗಿದೆ ಎಂದು ಜೀವನದಲ್ಲಿ ಮೊದಲ ಬಾರಿಗೆ ಬಾಯಿಬಿಟ್ಟು ಹೇಳುತ್ತಾಳೆ. ಅಲ್ಲಿಂದ ಮುಂದೆ ಆ್ಯನ್ ‘ನೀನು’ ಎನ್ನಲಿ. ಬದಲಾಯಿಸಿದ್ದೀರೆಂದು ಹೇಳಿಕೊಳ್ಳಬೇಡಿ, ಮಗುವಿನ ಕಿವಿಗೆ ತಾನಾಗಿ ತಿಳಿಯುತ್ತದೆ.

ಮ್ಯಾಥ್ಯೂವಿನೊಂದಿಗೆ ಇಷ್ಟು ಕಾಯುವ ಅಗತ್ಯವಿಲ್ಲ. ನಿಲ್ದಾಣದಿಂದ ಮನೆಯವರೆಗಿನ ಎಂಟು ಮೈಲಿಯ ಗಾಡಿಯ ದಾರಿಯಲ್ಲೇ ಅವರಿಬ್ಬರ ಸಂಬಂಧ ಕುದುರಿದೆ. ಆ್ಯನ್ ಅವನನ್ನು ‘ಕಿಂಡ್ರೆಡ್ ಸ್ಪಿರಿಟ್’ ಎನ್ನುವ ಕಡೆ ದಯವಿಟ್ಟು ‘ಸಮಾನಮನಸ್ಕ’ ಎಂಬ ಸಭೆಯ ಭಾಷಣದ ಪದವನ್ನು ತರಬೇಡಿ. ‘ಆತ್ಮಬಂಧು’ ಇದೆ, ಬಂಧುಗಳಿಲ್ಲದ ಹುಡುಗಿಯ ಬಾಯಿಗೆ ಅದಕ್ಕಿಂತ ಒಪ್ಪುವ ಪದ ನನಗೆ ಹೊಳೆಯುವುದಿಲ್ಲ.

ಕಣಜ

ಲೇಖಕಿಯ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ. ಮಾಂಟ್ಗೊಮರಿ ಹುಟ್ಟಿದ್ದು 1874ರಲ್ಲಿ. ಎರಡು ವರ್ಷ ತುಂಬುವ ಮೊದಲೇ ತಾಯಿ ಕ್ಷಯದಿಂದ ತೀರಿಕೊಂಡರು. ತಂದೆ ಮಗುವನ್ನು ಅದೇ ದ್ವೀಪದ ಕ್ಯಾವೆಂಡಿಶ್‌ನಲ್ಲಿದ್ದ ತಾಯಿಯ ತಂದೆತಾಯಿಗಳ ಬಳಿ ಬಿಟ್ಟು ಕೆನಡಾದ ಪಶ್ಚಿಮಕ್ಕೆ ಹೋದರು. 1890ರಲ್ಲಿ ತಂದೆ ಮತ್ತು ಮಲತಾಯಿಯೊಂದಿಗೆ ಇರಲು ಹೋದವರು ಒಂದೇ ವರ್ಷಕ್ಕೆ ಅಜ್ಜಿಯ ಮನೆಗೆ ಹಿಂತಿರುಗಿದರು. ಕರೆಯಲು ಅಜ್ಜ, ಅಜ್ಜಿ, ಅಪ್ಪ ಎಲ್ಲರೂ ಇದ್ದ ಹುಡುಗಿ ಆಕೆ. ‘ಇಲ್ಲದ ಹೆಸರು ಹಿಡಿದು ಕರೆಯಬೇಡ’ ಎಂಬ ಮಾತನ್ನು ಬರೆಯುವಾಗ ಅದು ನೆನಪಾಗಿರಬೇಕೆಂದು ನನ್ನ ಊಹೆ, ಊಹೆಯಷ್ಟೇ.

ಸಂಜೆಯ ಓದು

ಎಲ್ಲರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಎಂಟನೆಯ ಅಧ್ಯಾಯವನ್ನು ಮತ್ತೊಮ್ಮೆ ‘ಅತ್ತೆ’ ಎಂದು ಹಾಕಿ ಹೇಳಿದೆ. ಈ ಸಲ ಮಗಳು ತಕ್ಷಣ ಏನೂ ಕೇಳಲಿಲ್ಲ. ದೀಪ ಆರಿಸಿದ ಮೇಲೆ, “ಕೊನೆಗಾದ್ರೂ ಅತ್ತೆ ಅಂತ ಕರೀತಾಳಾ?” ಎಂದಳು. ನಾನು ಉತ್ತರ ಹೇಳಿಲ್ಲ. ಇನ್ನೂ ಮೂವತ್ತು ಅಧ್ಯಾಯಗಳಿವೆ.