ಪುಟ್ಟ ಮಾವನ ಹೊಟ್ಟೆ

ನಮ್ಮ 'ತೋಟದ ಮನೆ' ವಾಟ್ಸಾಪ್ ಗುಂಪಿನಲ್ಲಿ ಅಡಿಕೆ ಧಾರಣೆ, ಮಳೆಯ ಫೋಟೊ ಬಿಟ್ಟರೆ ಜಾಸ್ತಿ ಏನೂ ಬರುವುದಿಲ್ಲ. ನಿನ್ನೆ ರಾತ್ರಿ ಮಾತ್ರ ಹನ್ನೊಂದರವರೆಗೂ ಯಾರೂ ಮಲಗಲಿಲ್ಲ.

ದೊಡ್ಡ ಮಾವ: *ಈಕ್ವೆಡಾರ್ ದೇಶದ ಕುಳ್ಳರಿಗೆ ಶುಗರ್ ಇಲ್ಲ, ಕ್ಯಾನ್ಸರ್ ಇಲ್ಲ! ದೇವರ ವರ!!* ನೋಡೋ ಪುಟ್ಟ, ನಿನ್ನದೇ ಕಾಯಿಲೆ. ಸುಮ್ನೆ ಟೆಸ್ಟಿಗೆ ದುಡ್ಡು ಸುರಿಯಬೇಡ.

ಪುಟ್ಟ ಮಾವ ಹೆಬ್ಬೆರಳು ಒತ್ತಿ ಸುಮ್ಮನಾದರು.

ನಾನು: ಮಾವ, ನಾಡಿದ್ದು ಪುಟ್ಟ ಮಾವನಿಗೆ ಶಿವಮೊಗ್ಗದಲ್ಲಿ ರಕ್ತ ಪರೀಕ್ಷೆ, ಹೊಟ್ಟೆ ಸ್ಕ್ಯಾನ್ ಇದೆ. ತಪ್ಪಿಸಬೇಡಿ. ನೀವು ಕಳಿಸಿದ ಮೆಸೇಜ್ ಸುಳ್ಳಲ್ಲ, ಆದರೆ ಅರ್ಧ ಕಥೆ. ಲಾರಾನ್ ಸಿಂಡ್ರೋಮ್, ಅಂದರೆ ಪುಟ್ಟ ಮಾವನಿಗಿರುವ ಈ ಎತ್ತರ ಬೆಳೆಯದ ಹುಟ್ಟು ಕಾಯಿಲೆ, ಇರುವ 99 ಜನರನ್ನು ಅಲ್ಲಿ 22 ವರ್ಷ ಗಮನಿಸಿ 2011ರಲ್ಲಿ ಬರೆದರು. ಯಾರಿಗೂ ಶುಗರ್ ಇಲ್ಲ, ಕ್ಯಾನ್ಸರ್ ಒಬ್ಬರಿಗೆ. ಅದೇ ಮನೆಗಳ ಮಾಮೂಲಿ ಎತ್ತರದವರಲ್ಲಿ ನೂರಕ್ಕೆ 5 ಜನಕ್ಕೆ ಶುಗರ್, 17 ಜನಕ್ಕೆ ಕ್ಯಾನ್ಸರ್.

ದೊಡ್ಡ ಮಾವ: ನಾನೂ ಅದನ್ನೇ ಹೇಳಿದ್ದು.

ನಾನು: ಹಾಗಂತ ಆ ಕಾಯಿಲೆಯವರೇನೂ ಜಾಸ್ತಿ ವರ್ಷ ಬದುಕಲಿಲ್ಲ. ಅಪಘಾತ, ಕುಡಿತ, ಫಿಟ್ಸ್ ಅಂತ ಎಷ್ಟೋ ಜನ ಹೋದರು. ಇನ್ನು ಇಸ್ರೇಲ್ ನೋಡಿ. 1966ರಲ್ಲಿ ಈ ಕಾಯಿಲೆಯನ್ನು ವಿವರಿಸಿದ ಲಾರಾನ್ ಡಾಕ್ಟರು ಅಲ್ಲಿಯವರೇ. ಚಿಕಿತ್ಸೆ ಇಲ್ಲದೆ ದೊಡ್ಡವರಾದವರಲ್ಲಿ ಅವರು ಕಂಡಿದ್ದು ಬೊಜ್ಜು, ಕೊಲೆಸ್ಟ್ರಾಲ್, ಫ್ಯಾಟಿ ಲಿವರ್. ಕೆಲವರಿಗೆ ಶುಗರ್ ಕೂಡ.

ಸಾಗರದ ಚಿಕ್ಕಮ್ಮ: ಪುಟ್ಟಣ್ಣ ದಪ್ಪ ಎಲ್ಲಿದ್ದಾನೆ? ಕೈಕಾಲು ನೋಡು, ಕಡ್ಡಿ.

ನಾನು: ಅದೇ ಮೋಸ ಚಿಕ್ಕಮ್ಮ. ಸ್ನಾಯು ಕಡಿಮೆ, ಕೊಬ್ಬು ಜಾಸ್ತಿ. ತೂಕದ ಮಿಷನ್ನಿಗೆ ಅದು ಗೊತ್ತಾಗುವುದಿಲ್ಲ.

ಬೆಂಗಳೂರು ಭಾವ: ಸಣ್ಣವರಿದ್ದಾಗಲೇ ಬೆಳವಣಿಗೆಯ ಹಾರ್ಮೋನ್ ಇಂಜೆಕ್ಷನ್ ಕೊಡಿಸಬೇಕಿತ್ತು.

ನಾನು: ಹಾರ್ಮೋನ್ ಅವರ ರಕ್ತದಲ್ಲಿ ಬೇಕಾದಷ್ಟಿದೆ ಭಾವ. ತೋಟದಲ್ಲಿ ಮೋಟಾರ್ ಓಡುತ್ತಿದೆ, ಸ್ಪ್ರಿಂಕ್ಲರ್ ಜೆಟ್ ಕಟ್ಟಿಕೊಂಡಿದೆ. ಇನ್ನೊಂದು ಮೋಟಾರ್ ಇಟ್ಟರೆ ಗಿಡಕ್ಕೆ ನೀರು ಬರುತ್ತದಾ? ಆ ಹಾರ್ಮೋನ್ ಮಾತು ಕೇಳಿ ಲಿವರ್ ಮೂಳೆ ಬೆಳೆಸುವ ಐಜಿಎಫ್-1 ಅಂತ ಇನ್ನೊಂದು ಹಾರ್ಮೋನ್ ಮಾಡಬೇಕು. ಇವರ ಲಿವರಿಗೆ ಆ ಮಾತು ಕೇಳಿಸುವುದೇ ಇಲ್ಲ. ಐಜಿಎಫ್-1 ಇಂಜೆಕ್ಷನ್ನಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದೇ 2005ರಲ್ಲಿ, ಅದೂ ಮಕ್ಕಳಿಗೆ. ಅಷ್ಟರಲ್ಲಿ ಮಾವನ ಮೂಳೆ ಬೆಳೆಯುವ ವಯಸ್ಸು ಮುಗಿದಿತ್ತು.

ದೊಡ್ಡ ಮಾವ: ನಮ್ಮ ವಂಶದಲ್ಲಿ ಇಂಥದ್ದು ಯಾರಿಗೂ ಇರಲಿಲ್ಲ.

ಬೆಂಗಳೂರು ಭಾವ: ಅಜ್ಜ ಅಜ್ಜಿ ಸೋದರತ್ತೆ-ಸೋದರಮಾವನ ಮಕ್ಕಳೇ ಅಲ್ವಾ? ಇಬ್ಬರ ಕಡೆಯಿಂದಲೂ ಅದೇ ಜೀನ್ ದೋಷ ಬಂದಿರಬಹುದು.

ದೊಡ್ಡ ಮಾವ ಏನೋ ಬರೆದರು. ನಾನು ಓದುವಷ್ಟರಲ್ಲಿ ಅಳಿಸಿದರು. ಅಳಿಯನಿಗೆ ಬೈಯುವುದು ಅಷ್ಟು ಸುಲಭವಲ್ಲ.

ಸಾಗರದ ಚಿಕ್ಕಮ್ಮ: ಸತ್ತವರನ್ನು ಯಾಕೆ ಎಳೆಯುತ್ತೀರಿ?

ಹತ್ತು ನಿಮಿಷ ಯಾರೂ ಇಲ್ಲ. ಆಮೇಲೆ ಪುಟ್ಟ ಮಾವ 'ಟೈಪಿಂಗ್' ಅಂತ ಬಂತು, ಹೋಯಿತು, ಮತ್ತೆ ಬಂತು.

ಪುಟ್ಟ ಮಾವ: ಎಲ್ಲರೂ ನನ್ನ ಹೊಟ್ಟೆಯ ಬಗ್ಗೆಯೇ ಮಾತಾಡುತ್ತಿದ್ದೀರಿ. ನಾನೂ ಈ ಗುಂಪಿನಲ್ಲಿ ಇದ್ದೇನೆ. ಈ ಸಲ ಅಡಿಕೆ ಸುಲಿಯಲು ಮೆಟ್ಟುಗತ್ತಿ ಮುಂದೆ ಕೂತರೆ ಹೊಟ್ಟೆ ತೊಡೆಗೆ ಒತ್ತಿ ಉಸಿರು ಕಟ್ಟುತ್ತದೆ. ಅರ್ಧ ಡಬ್ಬ ಆಗುವಷ್ಟರಲ್ಲಿ ಏಳುತ್ತೇನೆ. ಹೋದ ವರ್ಷ ಒಂದು ಕಡೆ ತೋರಿಸಿದಾಗ ಮಕ್ಕಳ ಚಾರ್ಟ್ ನೋಡಿ 'ತೂಕ ಸರಿಯಾಗಿದೆ' ಅಂದರು. ನನಗೆ 46 ವರ್ಷ. ವರವೋ ಶಾಪವೋ ಆಮೇಲೆ ನೋಡೋಣ, ಮೊದಲು ಸ್ಕ್ಯಾನ್ ಆಗಲಿ. ಅಣ್ಣ, ಬೈಕ್ ಬೇಡ, ಜೀಪ್ ತಾ. ಖಾಲಿ ಹೊಟ್ಟೆಯಲ್ಲಿ ಬರಬೇಕಂತೆ. ಆರಕ್ಕೆ ಹೊರಡೋಣ.

ದೊಡ್ಡ ಮಾವ: ಐದೂವರೆಗೇ ಬರುತ್ತೇನೆ. ಮಂಡಗದ್ದೆ ಹತ್ತಿರ ಮಂಜು ಇರುತ್ತದೆ.