ಮನೆಯಲ್ಲೇ ಪಾಠ, ತೋಟದಲ್ಲೇ ಪಾಠ: ಮಾಡಿ ನೋಡಿದವರು ಹೇಳಿ

ಕೇಳಿದವರು: ಸಕಲೇಶಪುರ ತಾಲ್ಲೂಕಿನ ಒಬ್ಬ ಅಮ್ಮ

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಬೆಂಗಳೂರು ಬಿಟ್ಟು ಮನೆಯವರ ಊರಿಗೆ ಬಂದೆವು. ನಾಲ್ಕು ಎಕರೆ ಕಾಫಿ, ಸ್ವಲ್ಪ ಮೆಣಸು, ಜೊತೆಗೆ ಅತ್ತೆ ಮಾವ. ಮಗನಿಗೆ ಆರು ವರ್ಷ, ಮಗಳಿಗೆ ನಾಲ್ಕು. ಶಾಲೆಯ ವ್ಯಾನು ಬೆಳಿಗ್ಗೆ ಏಳಕ್ಕೆ ಬರುತ್ತದೆ, ಮಗ ಮನೆಗೆ ಬರುವಾಗ ಸಂಜೆ ಐದು. ಎಷ್ಟೋ ದಿನ ಬ್ಯಾಗ್ ಕೂಡ ಬಿಚ್ಚದೆ ನಿದ್ದೆ ಹೋಗುತ್ತಾನೆ. ಎರಡು ಮೂರು ವರ್ಷ ಮನೆಯಲ್ಲೇ ಇಟ್ಟುಕೊಂಡು, ಗಿಡ ಮರ ಹಕ್ಕಿ ನೋಡಿಕೊಂಡು, ಕೈಯಲ್ಲಿ ಮಾಡಿಕೊಂಡು ಕಲಿಸೋಣ ಅನ್ನಿಸಿದೆ. ವಿಡಿಯೊ ನೋಡಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮಾಂಟೆಸ್ಸರಿ ಸಾಮಾನಿನ ಪೆಟ್ಟಿಗೆ ತರಿಸಬೇಕಾ? ಕಾನೂನಿನ ತೊಂದರೆ ಇದೆಯಾ? ಮಾವನವರು "ಫೀಸ್ ಕಟ್ಟೋಕೆ ಆಗದೆ ಮನೇಲಿ ಇಟ್ಕೊಂಡಿದ್ದಾರೆ ಅಂತಾರೆ ಊರವರು" ಎಂದು ಮುಖ ಸಣ್ಣ ಮಾಡಿಕೊಂಡಿದ್ದಾರೆ. ನಿಮ್ಮ ಅನುಭವ ಹೇಳಿ.

ಮೂಡಿಗೆರೆ ಕಡೆಯಿಂದ

ನೋಡಮ್ಮ, ನಾನು ಇಬ್ಬರು ಮಕ್ಕಳಿಗೆ ನಾಲ್ಕು ವರ್ಷ ಮನೆಯಲ್ಲೇ ಕಲಿಸಿದೆ. ಈಗ ಇಬ್ಬರೂ ಶಾಲೆಗೆ ಹೋಗುತ್ತಾರೆ. ಪೆಟ್ಟಿಗೆ ತರಿಸಬೇಡಿ. ನಾನು ತರಿಸಿದ್ದೆ. ಅದರ ಮರದ ತುಂಡುಗಳಲ್ಲಿ ಈಗ ನಮ್ಮ ಕೋಳಿಗೂಡಿನ ಬಾಗಿಲು ನಿಂತಿದೆ.

ನಮ್ಮ ಮನೆಯಲ್ಲಿ ಗಣಿತ ಶುರುವಾಗಿದ್ದು ಮಳೆಯಿಂದ. ನಮ್ಮ ಕಡೆ ತೋಟದವರು ಮಳೆಯನ್ನು ಇಂಚು, ಸೆಂಟಿನಲ್ಲಿ ಹೇಳುತ್ತಾರೆ ಅಲ್ವಾ, ಒಂದು ಇಂಚಿಗೆ ನೂರು ಸೆಂಟು. ಮಗ ಅಂಗಳದಲ್ಲಿ ಬಕೆಟ್ ಇಟ್ಟು ಸ್ಕೇಲಿನಲ್ಲಿ ಅಳೆದ. ಮೂರು ಇಂಚು. ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಿಗೆ ಫೋನ್ ಮಾಡಿದರೆ ಅವರ ಮಾಪಕದಲ್ಲಿ ಎರಡು ಇಂಚು ಹತ್ತು ಸೆಂಟು. "ಅವರದ್ದು ತಪ್ಪು" ಎಂದು ಇವನ ವಾದ. ನಾನು ಉತ್ತರ ಹೇಳಲಿಲ್ಲ. ಮಾರನೇ ಮಳೆಗೆ ಬಕೆಟ್, ಬೋಗುಣಿ, ಅಕ್ಕಿಯ ಸ್ಟೀಲ್ ಡಬ್ಬ, ಲೋಟ ಎಲ್ಲ ಸಾಲಾಗಿ ಇಟ್ಟೆವು. ಡಬ್ಬ ದೊಡ್ಡದು, ಲೋಟ ಚಿಕ್ಕದು, ಆದರೂ ಎರಡರಲ್ಲೂ ನೀರಿನ ಎತ್ತರ ಒಂದೇ. ಬಕೆಟ್ಟಿನಲ್ಲಿ ಮಾತ್ರ ಜಾಸ್ತಿ. ಮೂರನೇ ದಿನ ಅವನಿಗೇ ಹೊಳೆಯಿತು: ಬಕೆಟ್ಟಿನ ಬಾಯಿ ಅಗಲ, ತಳ ಕಿರಿದು. ಅಗಲ ಬಾಯಿಗೆ ಬಿದ್ದ ಮಳೆ ಕಿರಿದಾದ ತಳದಲ್ಲಿ ಎತ್ತರಕ್ಕೆ ನಿಲ್ಲುತ್ತದೆ. ನೇರ ಗೋಡೆಯ ಪಾತ್ರೆ ಆದರೆ ಎಷ್ಟು ದಪ್ಪ ಇದ್ದರೂ ಪರವಾಗಿಲ್ಲ. ಅವನಿಗೆ ಆಗ ಏಳು ವರ್ಷ. ಅವತ್ತಿನಿಂದ ದಿನಾ ಬೆಳಿಗ್ಗೆ ಎಂಟಕ್ಕೆ ಅಳೆದು ಬರೆಯುವುದು ಅವನ ಕೆಲಸ. ದಶಾಂಶ ಹಾಗೇ ಬಂತು. ಎರಡು ಇಂಚು ಹತ್ತು ಸೆಂಟು ಅಂದರೆ 2.10, ಅಷ್ಟೇ.

ಮಳೆಪುಸ್ತಕವನ್ನು ತಿಂಗಳ ಲೆಕ್ಕದಲ್ಲಿ ಬರೆಸಬೇಡಿ, ನಕ್ಷತ್ರದ ಲೆಕ್ಕದಲ್ಲಿ ಬರೆಸಿ. ಅಶ್ವಿನಿ, ಭರಣಿ, ಕೃತಿಕೆ, ರೋಹಿಣಿ, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಇದಕ್ಕೆ ನಿಮ್ಮ ಮಾವನವರೇ ಮೇಷ್ಟ್ರು. "ಆರಿದ್ರೆ ಮಳೆ ಬಂದರೆ ದರಿದ್ರ ಇಲ್ಲ" ಎನ್ನುತ್ತಾರಲ್ಲ, ಈ ಸಲ ಆರಿದ್ರೆ ಎಷ್ಟು ಇಂಚು ಸುರಿಯಿತು ಎಂದು ಮೊಮ್ಮಗ ಲೆಕ್ಕ ಒಪ್ಪಿಸಲಿ. ನಮ್ಮ ಮಾವ ಇದಕ್ಕೇ ಸೋತಿದ್ದು.

ಇನ್ನು ಒಂದು ಮರ. ಒಂದೇ ಒಂದು. ಮಗುವೇ ಆರಿಸಬೇಕು. ವಾರಕ್ಕೊಮ್ಮೆ ಅದರ ಮುಂದೆ ಕೂತು ಎಲೆ, ಮೊಗ್ಗು, ಹೂವು, ಕಾಯಿ, ಬಂದ ಹಕ್ಕಿ, ಹುಳ ಎಲ್ಲ ನೋಡಿ ಬರೆಯಬೇಕು. ಸೀಸನ್‌ವಾಚ್ ಎಂಬ ಕಾರ್ಯಕ್ರಮದಲ್ಲಿ ಹೆಸರು ನೋಂದಾಯಿಸಿದರೆ ಈ ಮಾಹಿತಿಯನ್ನು ಅಲ್ಲಿಗೂ ಕಳಿಸಬಹುದು, ದೇಶದ ಬೇರೆ ಕಡೆಯ ಮಕ್ಕಳೂ ಕಳಿಸುತ್ತಾರೆ. ನನ್ನ ಮಗಳು ಆರಿಸಿದ್ದು ಒಂದು ಹಾಲುವಾಣ. ಬೇಸಿಗೆಯಲ್ಲಿ ಎಲೆ ಉದುರಿ ಕೆಂಪು ಹೂವು ಬಂದಾಗ ಪಿಕಳಾರ, ಸೂರಕ್ಕಿ, ಮೈನಾ ಎಲ್ಲ ಅಲ್ಲೇ ಜಾತ್ರೆ. ಒಂದು ಪುಟಕ್ಕೆ ಅವಳು ಹನ್ನೊಂದು ಹಕ್ಕಿ ಬರೆದಿದ್ದಳು. ಆಮೇಲೆ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕಾಲ, ಬಂತು. ಆಳುಗಳಿಗೆ ಹೇಳಲು ಮರೆತೆ. ಸಂಜೆ ನೋಡಿದರೆ ಮರ ಬೋಳು. ಎರಡು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಅವಳಾಗಿಯೇ ಪುಸ್ತಕ ತೆಗೆದು, ಕಡಿದ ಕೊಂಬೆಯಲ್ಲಿ ಎಷ್ಟು ದಿನಕ್ಕೆ ಚಿಗುರು ಬಂತು ಎಂದು ಎಣಿಸಲು ಶುರು ಮಾಡಿದಳು.

ಕಾಫಿ ಹೂವು ಅರಳಿಸುವ ಹೂಮಳೆಯ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ. ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಎಷ್ಟನೇ ದಿನ ಎಂದು ಮಕ್ಕಳು ಪಂದ್ಯ ಕಟ್ಟಲಿ. ಕೊಯ್ಲಿನಲ್ಲಿ ನೂರು ಹಣ್ಣು ಬಿಡಿಸಿ, ಎಷ್ಟರಲ್ಲಿ ಎರಡು ಬೀಜ, ಎಷ್ಟರಲ್ಲಿ ಒಂದೇ ದುಂಡು ಬೀಜ ಎಂದು ಎಣಿಸಲಿ. ನಮಗೆ ಒಂದು ಸಲ ಒಂಬತ್ತು ಪೀಬೆರಿ ಸಿಕ್ಕಿತು. ಶೇಕಡಾ ಅಂದರೆ ಏನು ಎಂದು ನಾನು ಬೇರೆ ಪಾಠ ಮಾಡಲಿಲ್ಲ. ಭಿನ್ನರಾಶಿಗೆ ಪಾವು, ಅಚ್ಚೇರು, ಸೇರು ಸಾಕು. ನಿಮ್ಮ ಅತ್ತೆಯ ಅಟ್ಟದಲ್ಲಿ ಇದ್ದೇ ಇರುತ್ತದೆ.

ಹಾಸನ ಪಟ್ಟಣದಿಂದ, ಒಬ್ಬ ಅಪ್ಪ

ಮೇಡಂ, ಮೇಲಿನವರ ಮಾತು ಓದಿ ಹೊಟ್ಟೆ ಉರಿಯಿತು. ನಮಗೆ ತೋಟ ಇಲ್ಲ. ಬಾಡಿಗೆ ಮನೆ, ಮೇಲೆ ಟೆರೇಸು. ಆದರೂ ನಡೆಯಿತು.

ಮೇ ತಿಂಗಳಲ್ಲಿ ನಮ್ಮ ಊರಿಗೆ ಜಲಂಧರ್‌ನಿಂದ ಬಿತ್ತನೆ ಆಲೂಗಡ್ಡೆ ಲಾರಿಗಟ್ಟಲೆ ಬರುತ್ತದೆ. ಒಂದು ಕೆಜಿ ತಂದು, ಒಂದೊಂದು ತುಂಡಿಗೂ ಕಣ್ಣು ಉಳಿಯುವ ಹಾಗೆ ಕತ್ತರಿಸಿ, ಗೋಣಿಚೀಲದಲ್ಲಿ ಮಣ್ಣು ತುಂಬಿ ನೆಟ್ಟೆವು. ಮೊದಲ ವರ್ಷ ಅಂಗಮಾರಿ ಬಂದು ಗಿಡವೆಲ್ಲ ಕಪ್ಪಾಯಿತು. ಸಿಕ್ಕಿದ್ದು ಸಣ್ಣ ಸಣ್ಣ ಆರು ಗೆಡ್ಡೆ. ಮಗಳು ಅದನ್ನೇ ತೂಗಿ, "ಒಂದು ಕೆಜಿ ಹಾಕಿ 140 ಗ್ರಾಂ ತೆಗೆದೆವು" ಎಂದು ಅಜ್ಜಿಗೆ ಫೋನ್ ಮಾಡಿ ಹೇಳಿದಳು. ರೈತರ ಕಷ್ಟ ಏನು ಎಂದು ನಾನು ಭಾಷಣ ಬಿಗಿಯುವ ಅಗತ್ಯ ಬೀಳಲಿಲ್ಲ.

ಹಳೇಬೀಡಿಗೆ ಹೋದಾಗ ಗೈಡ್ ಬೇಡ. ಗುಡಿಯ ತಳದ ಸಾಲು ಆನೆಯದ್ದು. ಇಪ್ಪತ್ತು ಹೆಜ್ಜೆಯ ಒಳಗೆ ಒಂದೇ ತರಹದ ಎರಡು ಆನೆ ಹುಡುಕಿ ಎಂದು ಹೇಳಿ ಕೂತುಬಿಡಿ. ಒಂದು ಗಂಟೆ ನಿಮಗೆ ಬಿಡುವು. ಆ ಗುಡಿ ಕಟ್ಟಿದ್ದು ಬಳಪದ ಕಲ್ಲಿನಲ್ಲಿ. ಮನೆಗೆ ಬಂದು ಸ್ಲೇಟಿನ ಬಳಪವನ್ನು ಉಗುರಿನಲ್ಲಿ ಗೀರಿ ತೋರಿಸಿ, ಅಷ್ಟು ಸಣ್ಣ ಕೆತ್ತನೆ ಹೇಗೆ ಸಾಧ್ಯವಾಯಿತು ಎಂದು ಗೊತ್ತಾಗುತ್ತದೆ. (ಗುಡಿಯಲ್ಲಿ ಗೀರಬಾರದು ಎಂದು ಮೊದಲೇ ಹೇಳಿ. ನಾನು ಹೇಳಿರಲಿಲ್ಲ. ಕಾವಲುಗಾರರು ಬೈದರು, ಸರಿಯಾಗೇ ಬೈದರು.)

ಇಂಗ್ಲೆಂಡಿನ ಷಾರ್ಲೆಟ್ ಮೇಸನ್ ಎಂಬ ಶಿಕ್ಷಕಿ ನೂರು ವರ್ಷದ ಹಿಂದೆಯೇ ಸಣ್ಣ ಮಕ್ಕಳಿಗೆ ಒಂದು ಪಾಠ ಇಪ್ಪತ್ತು ನಿಮಿಷ ಮೀರಬಾರದು ಎಂದಿದ್ದರು. ನಮ್ಮ ಮನೆಯಲ್ಲಿ ಹನ್ನೆರಡೇ ಜಾಸ್ತಿ.

ಬೇಲೂರು ತಾಲ್ಲೂಕಿನ ಸರ್ಕಾರಿ ಶಾಲೆಯ ಟೀಚರ್

ನಾನು ಸ್ವಲ್ಪ ಅಡ್ಡ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಕಾನೂನು ಮೊದಲು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯ. ಮಗುವನ್ನು ಶಾಲೆಗೆ ಸೇರಿಸುವುದು ತಂದೆ ತಾಯಿಯ ಕರ್ತವ್ಯ ಎಂದು 10ನೇ ಸೆಕ್ಷನ್ ಹೇಳುತ್ತದೆ. ಸೇರಿಸದಿದ್ದರೆ ತಂದೆ ತಾಯಿಗೆ ದಂಡ ಎಂದು ಆ ಕಾಯ್ದೆಯಲ್ಲಿ ಇಲ್ಲ. ಮನೆಪಾಠಕ್ಕೆ ಅನುಮತಿ ಎಂದೂ ಇಲ್ಲ. ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆ ನಮ್ಮಂಥವರೇ ಮನೆ ಬಾಗಿಲಿಗೆ ಬರುತ್ತೇವೆ. ಆಗ ಮಗುವನ್ನು ಒಳಗೆ ಕಳಿಸಿ ಬಚ್ಚಿಡಬೇಡಿ, ಮಳೆಪುಸ್ತಕ ತೋರಿಸಿ. ಮುಂದೆ ಯಾವಾಗ ಬೇಕಾದರೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬಹುದು, ಅದು 4ನೇ ಸೆಕ್ಷನ್. ಹತ್ತನೇ ತರಗತಿಯವರೆಗೂ ಮನೆಯಲ್ಲೇ ಅಂದರೆ ರಾಷ್ಟ್ರೀಯ ಮುಕ್ತ ಶಾಲೆ ಇದೆ, ಅಲ್ಲಿ ಹತ್ತನೇ ತರಗತಿಗೆ ಕನಿಷ್ಠ 14 ವರ್ಷ ಆಗಿರಬೇಕು.

ಈಗ ನನ್ನ ಪ್ರಶ್ನೆ. ನಿಮ್ಮ ತಕರಾರು ಇರುವುದು ವ್ಯಾನಿನ ಬಗ್ಗೆಯೋ, ಶಾಲೆಯ ಬಗ್ಗೆಯೋ? ನಡೆದು ಹೋಗುವಷ್ಟು ಹತ್ತಿರ ಸರ್ಕಾರಿ ಶಾಲೆ ಇದ್ದರೆ ಒಮ್ಮೆ ಹೋಗಿ ಒಂದನೇ ತರಗತಿಯಲ್ಲಿ ಅರ್ಧ ದಿನ ಕೂತು ನೋಡಿ. ಅಲ್ಲಿ ನಡೆಯುವುದು ನಲಿ-ಕಲಿ, ಆಡುತ್ತಾ ಕಲಿಯುವ ಪದ್ಧತಿ, 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿದ್ದು. ನೆಲದ ಮೇಲೆ ಗುಂಪು, ಕಾರ್ಡು, ಕಡ್ಡಿ, ಬೀಜ, ಹಾಡು. ಪ್ರತಿ ಮಗುವೂ ತನ್ನ ಮೆಟ್ಟಿಲಿನಲ್ಲಿ. ನೀವು ವಿಡಿಯೊದಲ್ಲಿ ನೋಡಿ ಆಸೆಪಟ್ಟದ್ದರಲ್ಲಿ ಅರ್ಧ ಅಲ್ಲಿದೆ. ಎಲ್ಲ ಶಾಲೆಯಲ್ಲೂ ಚೆನ್ನಾಗಿ ನಡೆಯುತ್ತದೆ ಎಂದು ನಾನು ಹೇಳುವುದಿಲ್ಲ, ಒಬ್ಬರೇ ಟೀಚರ್ ಮೂರು ತರಗತಿ ನೋಡುವಾಗ ಏನಾಗುತ್ತದೆ ಎಂದು ನನಗೆ ಗೊತ್ತು. ಆದರೂ ಬೇಗ ಮಗು ಮನೆಗೆ ಬಂದರೆ ಸಂಜೆಯಿಡೀ ತೋಟ ನಿಮ್ಮದೇ ಅಲ್ವಾ?

ಕೊಪ್ಪದಿಂದ

ಅಕ್ಕಾ, ನಾವು ಎರಡು ವರ್ಷಕ್ಕೆ ನಿಲ್ಲಿಸಿದೆವು. ಕಲಿಕೆ ಸಾಲದೆ ಅಲ್ಲ. ಒಂಟಿ ಮನೆ, ಒಬ್ಬನೇ ಮಗ. ಕೂಲಿಯವರ ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಗೇಟಿನಲ್ಲಿ ಕಾಯುತ್ತಿದ್ದ. ಮಳೆಗಾಲದಲ್ಲಿ ಅವರೂ ಬರುತ್ತಿರಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್, ನಾನು ಮತ್ತು ಅವನು ಮುಖ ಮುಖ ನೋಡಿಕೊಂಡು ಕೂತದ್ದು. ನಾನು ಕಿರುಚುವುದು ಜಾಸ್ತಿ ಆಯಿತು. ನಿಮಗೆ ಇಬ್ಬರಿದ್ದಾರೆ, ಅಷ್ಟರ ಮಟ್ಟಿಗೆ ಪುಣ್ಯ.

ಇನ್ನೊಂದು, ಯಾರೂ ಹೇಳಲಿಲ್ಲ. ಇಂಬಳಕ್ಕೆ (ಜಿಗಣೆಗೆ) ಹೆದರಬೇಡಿ, ಉಪ್ಪು ಸಾಕು. ದನದ ಮೈಗೆ ಕಚ್ಚುವ ಉಣ್ಣೆಗೆ (ಉಣುಗಿಗೆ) ಹೆದರಿ. ಮಳೆ ನಿಂತು ತರಗೆಲೆ ಒಣಗಿದ ಮೇಲೆ, ಬೇಸಿಗೆ ಮುಗಿಯುವವರೆಗೆ, ನಮ್ಮ ಕಡೆ ಅದು ಕಚ್ಚಿ ಬರುವ ಮಂಗನ ಕಾಯಿಲೆ. ಕಾಡಂಚಿಗೆ ಮಕ್ಕಳನ್ನು ಕರೆದುಕೊಂಡು ಹೋದರೆ ತುಂಬು ತೋಳು, ಉದ್ದ ಪ್ಯಾಂಟು, ಉಣ್ಣೆ ಹತ್ತದ ಹಾಗೆ ಮೈಗೆ ಹಚ್ಚಲು ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ. ಬಂದ ತಕ್ಷಣ ಬಿಸಿನೀರು ಸೋಪಿನ ಸ್ನಾನ, ಬಟ್ಟೆ ನೇರ ಒಗೆಯಲು. ಮಂಗ ಸತ್ತು ಬಿದ್ದಿದ್ದರೆ ಆ ಕಡೆ ಹೋಗದೆ ಆಶಾ ಕಾರ್ಯಕರ್ತೆಗೆ ತಿಳಿಸಿ. ನಿಮ್ಮ ಸಕಲೇಶಪುರದಲ್ಲಿ ಆನೆ ಬೇರೆ. ಬೆಳಕು ಹರಿಯುವ ಮುಂಚೆ ಹಕ್ಕಿ ನೋಡಲು ತೋಟಕ್ಕೆ ಇಳಿಯುವ ಹುಚ್ಚು ಬೇಡ. ಹಕ್ಕಿ ಎಂಟು ಗಂಟೆಗೂ ಇರುತ್ತದೆ.

ಮೂಡಿಗೆರೆಯವರು ಮತ್ತೆ

ಕೊಪ್ಪದವರು ಹೇಳಿದ್ದು ನಿಜ. ನಾನು ಚೆಂದದ್ದಷ್ಟೇ ಬರೆದೆ. ಮಳೆ ಅಳೆಯುವ ಹುಡುಗ ಏಳೂವರೆ ವರ್ಷವಾದರೂ ಕನ್ನಡದ ಒಂದು ವಾಕ್ಯ ತಡವರಿಸದೆ ಓದುತ್ತಿರಲಿಲ್ಲ. ತೋಟದಲ್ಲಿ ಎಲ್ಲ ತಾನಾಗಿ ಬರುತ್ತದೆ ಎಂದು ನಂಬಿಕೊಂಡಿದ್ದೆ. ಒತ್ತಕ್ಷರ ತಾನಾಗಿ ಬರಲಿಲ್ಲ. ಆಮೇಲೆ ದಿನಾ ಬೆಳಿಗ್ಗೆ ತಿಂಡಿ ಆದ ಕೂಡಲೇ ಇಪ್ಪತ್ತು ನಿಮಿಷ ಓದು, ಹತ್ತು ನಿಮಿಷ ಬರವಣಿಗೆ ಎಂದು ಇಟ್ಟೆ. ಹಬ್ಬ, ನೆಂಟರು, ಕರೆಂಟು ಇಲ್ಲ, ಯಾವ ನೆಪವೂ ಇಲ್ಲ. ಐದು ತಿಂಗಳಲ್ಲಿ ಓದಿದ. ಹಾಗಾಗಿ ಅದೊಂದನ್ನು ಮೊದಲ ದಿನದಿಂದಲೇ ಹಿಡಿದುಕೊಳ್ಳಿ. ಹುಳ ಹುಪ್ಪಟೆಯನ್ನು ಸುಮ್ನೆ ಬಿಟ್ಟರೂ ಮಕ್ಕಳೇ ನೋಡಿಕೊಳ್ಳುತ್ತಾರೆ.

ಜೊತೆಗೆ ಮಂಗಳವಾರ, ಶುಕ್ರವಾರ ಸಂಜೆ ನಮ್ಮ ಕಣದಲ್ಲಿ ಸುತ್ತಿನ ಮಕ್ಕಳಿಗೆಲ್ಲ ಆಟ ಮತ್ತು ಅವಲಕ್ಕಿ. ಖರ್ಚು ಅವಲಕ್ಕಿಯದ್ದು ಮಾತ್ರ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಟೀಚರ್ ಕೇಳಿದ ಪ್ರಶ್ನೆ ರಾತ್ರಿಯಿಡೀ ತಲೆಯಲ್ಲಿ ಇತ್ತು. ನಮ್ಮ ತಕರಾರು ವ್ಯಾನಿನ ಬಗ್ಗೆಯೇ ಜಾಸ್ತಿ ಇರಬೇಕು. ಒಂದೂವರೆ ಕಿಲೋಮೀಟರ್ ದೂರದಲ್ಲಿ ಸರ್ಕಾರಿ ಶಾಲೆ ಇದೆ. ಸೋಮವಾರ ಹೋಗಿ ಕೂತು ನೋಡುತ್ತೇನೆ. ಮಗಳು ಹೇಗೂ ಇನ್ನೆರಡು ವರ್ಷ ಮನೆಯಲ್ಲೇ.

ಮಗ ಮರ ಆರಿಸಿದ್ದಾನೆ. ಹಿತ್ತಲ ಹಲಸು. ಅದರಲ್ಲಿ ಚಗಳಿ (ಕಚ್ಚುವ ಕೆಂಪು ಇರುವೆ) ಗೂಡಿದೆ, ಹತ್ತಿರ ಕೂರುವ ಹಾಗಿಲ್ಲ. ಬೇರೆ ಮರ ನೋಡು ಎಂದರೆ ಒಪ್ಪುತ್ತಿಲ್ಲ. ಮಾವ ಏನೂ ಮಾತಾಡಲಿಲ್ಲ. ಮಧ್ಯಾಹ್ನ ನೋಡಿದರೆ ಹತ್ತು ಅಡಿ ಆಚೆ ಒಂದು ಕಲ್ಲುಚಪ್ಪಡಿ ಎಳೆಸಿ ಹಾಕಿದ್ದಾರೆ, ಮರಕ್ಕೆ ಒಂದು ಕೆಂಪು ಬಟ್ಟೆ ಕಟ್ಟಿದ್ದಾರೆ, ಮರಗಸಿಯವರು ಮುಟ್ಟಬಾರದು ಅಂತ.

ಡಬ್ಬ ಎಷ್ಟು ಎತ್ತರದ್ದು ಇಡಬೇಕು, ಹೇಳಿ. ಜುಲೈನಲ್ಲಿ ನಮ್ಮಲ್ಲಿ ಒಂದೊಂದು ದಿನ ಆರು ಇಂಚು ಹೊಡೆಯುತ್ತದೆ.