ಸಹಾಯ ಬೇಕು: ಬಿಳಿಗಿರಿರಂಗನ ಬೆಟ್ಟದ ಪೋಡುಗಳ ಭೇಟಿ ಕುರಿತು

ಎಲ್ಲರಿಗೂ ನಮಸ್ಕಾರ. ಆದಿವಾಸಿ ಮಕ್ಕಳ ಓದಿಗಾಗಿ ದೇಣಿಗೆ ಸಂಗ್ರಹಿಸಲು ನಾವು ಹದಿನಾಲ್ಕು ಮಂದಿ ಮೈಸೂರಿನಿಂದ ತಿ. ನರಸೀಪುರದ ಮಾರ್ಗವಾಗಿ ಯಳಂದೂರಿಗೆ ಸೈಕಲ್‌ನಲ್ಲಿ ಹೊರಟಿದ್ದು, ಮೂರನೆಯ ದಿನವನ್ನು ವಿಶ್ರಾಂತಿಗೆ ಇಟ್ಟುಕೊಂಡಿದ್ದೇವೆ. ಬೆಟ್ಟದ ರಸ್ತೆ ಹುಲಿ ಸಂರಕ್ಷಿತ ಪ್ರದೇಶದೊಳಗೆ ಹಾದುಹೋಗುವುದರಿಂದ ಅಂದು ಸೈಕಲ್‌ಗಳನ್ನು ಯಳಂದೂರಿನಲ್ಲಿಯೇ ಬಿಟ್ಟು, ಬಸ್ಸಿನಲ್ಲಿ ಮೇಲೆ ಹೋಗಿ ಅಲ್ಲಿನ ಆದಿವಾಸಿಗಳಾದ ಸೋಲಿಗರ ಒಂದೆರಡು ಪೋಡುಗಳಿಗೆ (ಅವರ ಪುಟ್ಟ ಊರುಗಳಿಗೆ) ಭೇಟಿ ನೀಡುವ ಆಲೋಚನೆಯಿದೆ.

ಹಿಂದಿನ ಯಾತ್ರೆಯೊಂದರಲ್ಲಿ ನಾವು ಮುನ್ಸೂಚನೆಯಿಲ್ಲದೆ ಆದಿವಾಸಿಗಳ ಒಂದು ಹಾಡಿಯೊಳಗೆ ನುಗ್ಗಿ, ಕೆಲಸಕ್ಕೆ ಹೊರಟವರನ್ನು ತಡೆದು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆದೆವು. ಅದನ್ನು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ. ಇಲ್ಲಿನ ಸೋಲಿಗರು 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಸಮುದಾಯ ಹಕ್ಕುಗಳನ್ನು ಪಡೆದು, ಜೇನು, ನೆಲ್ಲಿಕಾಯಿಗಳಂತಹ ಕಿರು ಅರಣ್ಯ ಉತ್ಪನ್ನಗಳನ್ನು ಸಂಗ್ರಹಿಸುತ್ತ ಬಂದವರು. ಅವರ ಒಪ್ಪಿಗೆಯಿಲ್ಲದೆ ಈ ಬಾರಿ ಒಂದು ಹೆಜ್ಜೆಯನ್ನೂ ಇಡಬಾರದೆಂಬುದು ನಮ್ಮ ನಿರ್ಧಾರ.

ಆದ್ದರಿಂದ, ಆ ಭಾಗದ ಪರಿಚಯವುಳ್ಳವರು ದಯವಿಟ್ಟು ತಿಳಿಸಬೇಕು: ಮೊದಲು ಪೋಡಿನ ಹಿರಿಯರನ್ನು ಕೇಳಬೇಕೋ, ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಯನ್ನೋ? ಅರಣ್ಯ ಇಲಾಖೆಯ ಅನುಮತಿಗೆ ಎಷ್ಟು ದಿನ ಮುಂಚೆ ಅರ್ಜಿ ಕೊಡಬೇಕು? ಜನರು ಬಿಡುವಾಗಿರುವ ಹೊತ್ತು ಯಾವುದು? ಬಟ್ಟೆ, ಬಿಸ್ಕತ್ತು ಹಂಚುವ ಬದಲು ಅವರು ಸಂಗ್ರಹಿಸಿದ ಜೇನನ್ನು ನೇರವಾಗಿ ಕೊಳ್ಳುವುದೇ ಮೇಲೆಂದು ನನಗನಿಸುತ್ತದೆ, ತಪ್ಪಿದ್ದರೆ ತಿದ್ದಿರಿ. ಸೋಲಿಗ ಸಮುದಾಯದವರೇ ಯಾರಾದರೂ ಅಂದು ನಮ್ಮ ಜೊತೆಗಿರಲು ಒಪ್ಪಿದರೆ ಅವರ ದಿನದ ಸಂಭಾವನೆ ಮತ್ತು ಊಟದ ಹೊಣೆ ನಮ್ಮದು.